ಪ್ರಯೋಗಾಲಯದ ಗಾಜು ಒಡೆಯಲು ಅನುಮತಿ ಕೊಡಿ: ಕೊಪ್ಪಳ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೊಪ್ಪಳವಿನ್ನೂ ರಾಯಚೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಅಂದರೆ 1997ಕ್ಕಿಂತ ಮೊದಲು, ಸೇವೆಗೆ ಸೇರಿ ಈ ಭಾಗದ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಶಿಕ್ಷಕ ನಾನು. ಹೊಸ ಕಟ್ಟಡ ಬೇಕೆಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಎಷ್ಟೋ ಶಾಲೆಗಳಲ್ಲಿ ಕೊಠಡಿಗಳು ಎದ್ದಿವೆ, ಹಲವು ಕಡೆ ಗೋಡೆಗೆ ಸ್ಮಾರ್ಟ್ ಬೋರ್ಡ್ ಕೂಡ ಬಂದಿದೆ. ನಾನು ಕೇಳುತ್ತಿರುವುದು ಇವೆಲ್ಲಕ್ಕಿಂತ ಅಗ್ಗದ, ಆದರೆ ಕಡತದ ಮಟ್ಟದಲ್ಲಿ ಬಹಳ ಕಠಿಣವಾದ ಒಂದು ವಸ್ತುವನ್ನು: ಮಕ್ಕಳು ಪ್ರಯೋಗ ಮಾಡುವಾಗ ಒಂದು ಗಾಜು ಒಡೆದರೆ ಅದನ್ನು ಅಪರಾಧವೆಂದು ಬರೆದುಕೊಳ್ಳದ ವ್ಯವಸ್ಥೆ.

ಏಕೆಂದು ಹೇಳಲು ಹತ್ತನೆಯ ತರಗತಿಯ ಬೆಳಕಿನ ಪಾಠವನ್ನೇ ತೆಗೆದುಕೊಳ್ಳುತ್ತೇನೆ. ವಕ್ರೀಭವನದ, ಅಂದರೆ ಗಾಳಿಯಿಂದ ಗಾಜಿಗೆ ಹೊಕ್ಕಾಗ ಬೆಳಕು ಬಾಗುವುದನ್ನು ಅಳೆಯುವ, ಪ್ರಯೋಗ ಎಲ್ಲರಿಗೂ ಗೊತ್ತಿರುವಂಥದ್ದು. ಡ್ರಾಯಿಂಗ್ ಬೋರ್ಡಿನ ಮೇಲೆ ಬಿಳಿ ಹಾಳೆ, ಹಾಳೆಯ ಮೇಲೆ ಆಯತಾಕಾರದ ಗಾಜಿನ ಚಪ್ಪಡಿ, ಒಂದು ಬದಿಗೆ ಎರಡು ಗುಂಡುಸೂಜಿ, ಇನ್ನೊಂದು ಬದಿಯಿಂದ ಗಾಜಿನೊಳಗೆ ನೋಡುತ್ತ ಅವುಗಳ ನೇರಕ್ಕೆ ಮತ್ತೆರಡು ಗುಂಡುಸೂಜಿ. ಗಾಜಿನ ಮೇಲಿನ ಲಂಬಕ್ಕೆ ಬೆಳಕು ಬೀಳುವ ಕೋನ, ಅಂದರೆ ಪತನ ಕೋನ, 45 ಡಿಗ್ರಿ ಇದ್ದರೆ ಗಾಜಿನೊಳಗಿನ ವಕ್ರೀಭವನ ಕೋನ ಸುಮಾರು 28 ಡಿಗ್ರಿ ಬರಬೇಕು, ಏಕೆಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಸಾಮಾನ್ಯ ಗಾಜಿಗೆ ಸುಮಾರು 1.5. ಒಂದು ವರ್ಷ ನಾನು ಬೇರೊಂದು ಶಾಲೆಯ ಪ್ರಯೋಗ ದಾಖಲೆ ಪುಸ್ತಕಗಳನ್ನು ನೋಡಲು ಹೋಗಿದ್ದಾಗ ಇಡೀ ತರಗತಿಯ ಪುಸ್ತಕಗಳಲ್ಲಿ 28 ಎಂದೇ ಇತ್ತು, ಒಂದರಲ್ಲೂ 27 ಇರಲಿಲ್ಲ, 29 ಇರಲಿಲ್ಲ. ಆ ಮಕ್ಕಳು ಗಾಜಿನ ಚಪ್ಪಡಿಯನ್ನು ಕೈಯಲ್ಲಿ ಹಿಡಿದೇ ಇಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಗೈಡಿನಿಂದ ಒಬ್ಬ ಬರೆದಿದ್ದ, ಅವನಿಂದ ಉಳಿದವರು ಬರೆದಿದ್ದರು.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿಗೆ 31 ಬಂತು. ಅವನು ಅದನ್ನು ರಬ್ಬರಿನಿಂದ ಅಳಿಸಿ 28 ಎಂದು ಬರೆಯುತ್ತಿದ್ದಾಗ ನಾನು ಕೈ ಹಿಡಿದೆ. 31ನ್ನೇ ಇಟ್ಟುಕೊಂಡು ಲೆಕ್ಕ ಹಾಕು ಎಂದೆ. ಸೂಚ್ಯಂಕ 1.37 ಬಂತು, ನೀರಿನದು 1.33 ಎಂದು ಅವನಿಗೆ ಗೊತ್ತಿದ್ದುದರಿಂದ, ತನ್ನ ಗಾಜು ಹೆಚ್ಚುಕಡಿಮೆ ನೀರಾಗಿಬಿಟ್ಟಿದೆಯೆಂದು ಅವನೇ ನಕ್ಕ. ಆಮೇಲೆ ಹುಡುಕಾಟ ಶುರುವಾಯಿತು. ಎರಡು ಗುಂಡುಸೂಜಿಗಳನ್ನು ಒಂದೂವರೆ ಸೆಂಟಿಮೀಟರ್ ಅಂತರದಲ್ಲಿ ಚುಚ್ಚಿದ್ದ, ಒಂದು ಸ್ವಲ್ಪ ವಾಲಿತ್ತು, ಚಪ್ಪಡಿಯ ಸುತ್ತ ಎಳೆದ ಗೆರೆ ಮೊಂಡು ಪೆನ್ಸಿಲಿನದಾಗಿತ್ತು. ಸೂಜಿಗಳನ್ನು ಆರು ಸೆಂಟಿಮೀಟರ್ ದೂರದಲ್ಲಿ ನೆಟ್ಟಗೆ ಚುಚ್ಚಿ ಮತ್ತೆ ಮಾಡಿದಾಗ 29 ಬಂತು. ಆ 29ನ್ನು ಅವನು 28 ಮಾಡಲಿಲ್ಲ. ನನ್ನ ಸೇವೆಯಲ್ಲಿ ನಾನು ಕಲಿಸಿದ್ದರಲ್ಲಿ ಅತ್ಯಂತ ಖಚಿತವಾಗಿ ಕಲಿಸಿದ್ದು ಅದೊಂದೇ ಇರಬಹುದು. ಅದಕ್ಕೆ ಎರಡು ಪೂರ್ಣ ಪೀರಿಯಡ್ ಹಿಡಿಯಿತು, ಮುಂದಿನ ಗಣಿತದ ಮೇಷ್ಟ್ರ ಸಿಟ್ಟನ್ನೂ ನಾನು ಕಟ್ಟಿಕೊಳ್ಳಬೇಕಾಯಿತು.

ಪರದೆಯ ಮೇಲೆ ತೋರಿಸಿದರೆ ಸಾಲದೇ ಎಂದು ಅಧಿಕಾರಿಗಳು ಕೇಳುವುದುಂಟು. ಬೇರೆ ಪಾಠಗಳಿಗೆ ಸಾಕಾಗಬಹುದು, ಬೆಳಕಿಗೆ ಸಾಲುವುದಿಲ್ಲ. ಒಮ್ಮೆ ಟಾರ್ಚ್ ಮತ್ತು ಕನ್ನಡಿ ಹಿಡಿದು ಪ್ರತಿಫಲನ ತೋರಿಸುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಪುಸ್ತಕದಾಗ ಬೆಳಕಿಗೆ ಗೆರಿ ಅದಾವು, ಬಾಣದ ಗುರುತು ಅದಾವು, ಇಲ್ಲೊಂದೂ ಕಾಣವಲ್ದಲ್ರೀ?” ಎಂದು ಕೇಳಿದಳು. ಪುಸ್ತಕದಲ್ಲೂ ಪರದೆಯಲ್ಲೂ ಕಿರಣಗಳನ್ನು ನೋಡುತ್ತ ಬೆಳೆದ ಮಗುವಿಗೆ, ಪಕ್ಕದಿಂದ ಹಾದುಹೋಗುವ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ, ಅದು ಯಾವುದಾದರೂ ಕಣಕ್ಕೆ ತಾಗಿ ಚದುರಿ ನಮ್ಮ ಕಣ್ಣಿನತ್ತ ಬಂದಾಗ ಮಾತ್ರ ಕಾಣುತ್ತದೆ ಎಂಬುದು ಗೊತ್ತಿರಲಿಲ್ಲ. ಕಿಟಕಿಗೆ ಕಂಬಳಿ ಕಟ್ಟಿ, ಊದಿನಕಡ್ಡಿ ಹಚ್ಚಿ, ಹೊಗೆಯ ಮೂಲಕ ಟಾರ್ಚ್ ಬಿಟ್ಟಾಗ ಗೆರೆ ಎದ್ದು ಬಂತು. ಮಾಳಿಗೆ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ಅವಳು ದಿನವೂ ನೋಡಿದ್ದಳು. ಎರಡೂ ಒಂದೇ ಎಂದು ನಾನು ಹೇಳುವ ಮೊದಲೇ ಹೇಳಿದಳು.

ಇನ್ನು ಬೀಗದ ವಿಷಯ. ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ಮಗುವೊಂದರ ಕೈಯಿಂದ ಪ್ರಿಸಂ ಜಾರಿ ಬಿದ್ದು ಚೂರಾಯಿತು. ಅದು ದಾಸ್ತಾನು ವಹಿಯಲ್ಲಿತ್ತು. ವರ್ಷದ ಕೊನೆಗೆ ವಿವರಣೆ ಕೇಳಲಾಯಿತು, ವಿವರಣೆ ಒಪ್ಪಿತವಾಗಲಿಲ್ಲ, ಕೊನೆಗೆ ನಾನೇ ಹಣ ಕೊಟ್ಟು ಹೊಸದನ್ನು ತಂದಿಟ್ಟೆ. ಹಣ ದೊಡ್ಡದಲ್ಲ. ಆದರೆ ಆಮೇಲಿನ ಎರಡು ವರ್ಷ ನಾನೂ ಬೀರುವಿಗೆ ಬೀಗ ಹಾಕಿ, ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಬೆಳಕಿನ ಪಾಠ ಮುಗಿಸಿದೆನೆಂದು ಒಪ್ಪಿಕೊಳ್ಳಲು ನನಗೆ ಇಂದಿಗೂ ನಾಚಿಕೆಯಾಗುತ್ತದೆ. ಮುಟ್ಟದ ಗಾಜು ಒಡೆಯುವುದಿಲ್ಲ, ಒಡೆಯದ ಗಾಜಿಗೆ ಆಕ್ಷೇಪಣೆ ಬರುವುದಿಲ್ಲ ಎಂಬ ಲೆಕ್ಕ ಕಲಿತ ಶಿಕ್ಷಕ ನಾನೊಬ್ಬನೇ ಅಲ್ಲ.

ಪ್ರತಿ ಫೆಬ್ರವರಿ 28ರಂದು ಅದೇ ಬೀರುವಿನ ಮುಂದೆ ರಂಗೋಲಿ ಬಿಡಿಸಿ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೇವೆ. 1928ರ ಆ ದಿನದ ಸಂಶೋಧನೆಗೆ 1930ರಲ್ಲಿ ನೊಬೆಲ್ ಪಡೆದ ಸಿ. ವಿ. ರಾಮನ್ ಅವರು ಚದುರಿದಾಗ ಬೆಳಕಿನ ಬಣ್ಣ ತುಸು ಬದಲಾಗುವ ಗುಣವನ್ನು ಮೊದಮೊದಲು ಬೆನ್ನಟ್ಟಿದ್ದು ಸೂರ್ಯನ ಬೆಳಕು, ಮಸೂರ, ಬಣ್ಣದ ಗಾಜುಗಳು ಮತ್ತು ತಮ್ಮದೇ ಕಣ್ಣಿನ ನೆರವಿನಿಂದ. ಭಾಷಣದಲ್ಲಿ ಇದನ್ನು ಹೇಳುವ ನಮಗೆ ಬೀಗದ ಕೈ ಎಲ್ಲಿದೆಯೆಂಬ ನೆನಪು ಮಾತ್ರ ಆಗುವುದಿಲ್ಲ.

ಈ ಜಿಲ್ಲೆಯ ಮಕ್ಕಳಿಗೆ ಬೆಳಕು ದೂರದ ವಿಷಯವೇನಲ್ಲ. ಹೊಳೆ ದಾಟಿದರೆ ಹಂಪಿ. ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲೆ ಕೋಣೆಯ ಗೋಡೆಯ ಮೇಲೆ ಮಹಾಗೋಪುರ ತಲೆಕೆಳಗಾಗಿ ಮೂಡುವುದನ್ನು ಶಾಲಾ ಪ್ರವಾಸದಲ್ಲಿ ಪ್ರತಿ ಮಗುವೂ ನೋಡಿ ಬರುತ್ತದೆ, ಪವಾಡವೆಂದು ಕೇಳಿಕೊಂಡೂ ಬರುತ್ತದೆ. ಕಿಂಡಿಯ ಮೂಲಕ ಬೆಳಕು ನೇರವಾಗಿ ಸಾಗುವುದರಿಂದ ಮೇಲಿನದು ಕೆಳಗೂ ಕೆಳಗಿನದು ಮೇಲೂ ಬೀಳುತ್ತದೆ ಎಂಬುದನ್ನು ರಟ್ಟಿನ ಪೆಟ್ಟಿಗೆ, ಎಣ್ಣೆ ಸವರಿದ ಕಾಗದ ಮತ್ತು ಒಂದು ಸೂಜಿಯಿಂದ ಮರುದಿನವೇ ತರಗತಿಯಲ್ಲಿ ಮಾಡಿ ತೋರಿಸಬಹುದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಬಂದಿದ್ದ ಕೆಲವೇ ಮಕ್ಕಳಿಗೆ ಬೇವಿನ ಮರದ ನೆರಳಿನಲ್ಲಿ, ಎಲೆಗಳ ಸಂದಿಗಳೇ ಕಿಂಡಿಗಳಾಗಿ ಮೂಡಿಸಿದ, ನೂರಾರು ಕುಡುಗೋಲಿನಾಕಾರದ ಸೂರ್ಯರನ್ನು ನಾನು ತೋರಿಸಿದ್ದೂ ಇದೇ ತತ್ವದಿಂದ. ಆ ದಿನ ಉಳಿದವರನ್ನು ಮನೆಯವರು ಹೊರಗೆ ಬಿಟ್ಟಿರಲಿಲ್ಲ.

ವಕ್ರೀಭವನದ ಅರಿವು ಜೀವ ಉಳಿಸುವಂಥದ್ದೂ ಹೌದು. ತಿಳಿನೀರಿನ ಬಾವಿಯ ತಳವನ್ನು ಮೇಲಿನಿಂದ ನೇರವಾಗಿ ನೋಡಿದಾಗ ಹನ್ನೆರಡು ಅಡಿ ಆಳ ಒಂಬತ್ತು ಅಡಿಯಂತೆ ಕಾಣುತ್ತದೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಬೇಸಿಗೆಯಲ್ಲಿ ಬಾವಿ, ಕಾಲುವೆಗೆ ಹಾರುವ ಮಕ್ಕಳಿರುವ ಊರಿನಲ್ಲಿ ತಂಬಿಗೆಯ ತಳದ ನಾಣ್ಯ ನೀರು ಸುರಿದಾಗ ಮೇಲೆದ್ದು ಕಾಣುವ ಪ್ರಯೋಗವನ್ನು ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿಸಿರುವುದು ನನಗೆ ಸರಿಕಾಣುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಪ್ರಯೋಗಾಲಯದ ಗಾಜಿನ ಸಾಮಾನುಗಳಾದ ಚಪ್ಪಡಿ, ಮಸೂರ, ದರ್ಪಣ, ಪ್ರಿಸಂಗಳನ್ನು ಸೀಮೆಸುಣ್ಣದ ಹಾಗೆ ಬಳಸಿ ಮುಗಿಯುವ ವಸ್ತುಗಳೆಂದು ಪರಿಗಣಿಸಿ, ಮುಖ್ಯೋಪಾಧ್ಯಾಯರು ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆಯೊಂದಿಗೆ ವರ್ಷಕ್ಕೊಂದು ಮಿತಿಯವರೆಗೆ ದಾಸ್ತಾನಿನಿಂದ ಕಡಿಮೆ ಮಾಡಲು ಮತ್ತು ಸ್ಥಳೀಯವಾಗಿ ಹೊಸದನ್ನು ಕೊಳ್ಳಲು ಅಧಿಕಾರ ಕೊಡುವಂತೆ ಇಲಾಖೆಯಿಂದ ಆದೇಶ ಮಾಡಿಸಿರಿ. ಒಡೆದ ಗಾಜನ್ನು ಗುಡಿಸಿ ತೆಗೆಯುವ ರೀತಿ, ಮಸೂರದ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದೆಂಬ ಎಚ್ಚರ, ಇವು ಶಿಕ್ಷಕರ ಹೊಣೆ. ಅದರಿಂದ ನಾವು ಜಾರಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ವಿಜ್ಞಾನಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಗಬೇಕು, ಏಕೆಂದರೆ ನಲವತ್ತು ನಿಮಿಷದಲ್ಲಿ ಸೂಜಿ ಚುಚ್ಚುವುದಾಗುತ್ತದೆ, ತಪ್ಪು ಹುಡುಕುವುದಾಗುವುದಿಲ್ಲ. ಮತ್ತು ಜಿಲ್ಲೆಯ ಕೆಲಸಗಳ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯಲ್ಲಿ, ಫಲಿತಾಂಶದ ಶೇಕಡಾವಾರು ಕೇಳಿದ ಮೇಲೆ, ಈ ವರ್ಷ ಎಷ್ಟು ಶಾಲೆಗಳ ಪ್ರಯೋಗಾಲಯದಲ್ಲಿ ಒಂದಾದರೂ ಗಾಜು ಒಡೆದಿದೆ ಎಂಬ ಪ್ರಶ್ನೆಯನ್ನು ದಯವಿಟ್ಟು ಕೇಳಿರಿ. ಒಂದೂ ಒಡೆಯದ ಶಾಲೆಗಳ ಪಟ್ಟಿಯನ್ನು ತರಿಸಿ ನೋಡಿರಿ.

ಕೊನೆಯದಾಗಿ ಒಂದು ಆಹ್ವಾನ. ಕೊಪ್ಪಳದ ಅಕ್ಷಾಂಶದಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಮೊದಲನೆಯದು ಮೇ ತಿಂಗಳ ಆರಂಭದಲ್ಲಿ, ಶಾಲೆಗೆ ರಜೆ ಇರುವಾಗ. ಎರಡನೆಯದು ಆಗಸ್ಟ್ 10ರ ಆಸುಪಾಸಿನಲ್ಲಿ. ಅದು ಆಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ, ಏಕೆಂದರೆ ನಮ್ಮ ಗಡಿಯಾರಗಳು ನಡೆಯುವುದು ನಮಗಿಂತ ಪೂರ್ವದ ರೇಖಾಂಶವೊಂದರ ಹೊತ್ತಿಗೆ. ತಾವು ಆ ದಿನ ಜಿಲ್ಲೆಯ ಯಾವುದಾದರೂ ಒಂದು ಸರ್ಕಾರಿ ಪ್ರೌಢಶಾಲೆಯ ಅಂಗಳಕ್ಕೆ ಬಂದರೆ, ಮೋಡವಿಲ್ಲದಿದ್ದರೆ, ಮಕ್ಕಳೇ ಕೋಲು ನೆಟ್ಟು ತೋರಿಸುತ್ತಾರೆ. ಮೋಡವಿದ್ದರೆ ಒಳಗೆ ಬೀರು ಇದೆ. ಬೀಗದ ಕೈಯನ್ನು ಮುಂಚಿತವಾಗಿ ಹುಡುಕಿಸಿ ಇಟ್ಟಿರಲು ನಾನು ಮುಖ್ಯೋಪಾಧ್ಯಾಯರಿಗೆ ಹೇಳಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಕೊಪ್ಪಳ