ಯುವಜನ ಸಂಘಟನೆ ಹಳ್ಳಿಗಳಿಗೆ ಬರಲಿ

ಮಾನ್ಯರೇ,

ಬಾಗೇಪಲ್ಲಿ ಕ್ಷೇತ್ರ 1994 ಮತ್ತು 2004ರಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ ಅವರನ್ನು ವಿಧಾನಸಭೆಗೆ ಕಳುಹಿಸಿತ್ತು. ರಾಜ್ಯದಲ್ಲಿ ಕೆಂಬಾವುಟ ಗೆದ್ದ ಕ್ಷೇತ್ರಗಳೇ ಬೆರಳೆಣಿಕೆಯಷ್ಟು. ಅಂಥ ನೆಲದಲ್ಲಿ ಆ ಪಕ್ಷದ ಯುವಜನ ಸಂಘಟನೆ ಡಿವೈಎಫ್‌ಐ ಇಂದಿನ ಹುಡುಗ ಹುಡುಗಿಯರ ಕಣ್ಣಿಗೆ ಅಷ್ಟಾಗಿ ಬೀಳುತ್ತಿಲ್ಲ. ನಾನು ಆ ಪಕ್ಷದ ಸದಸ್ಯನಲ್ಲ, ಆದರೂ ಇದು ನನಗೆ ನೋವಿನ ಸಂಗತಿ.

1980ರಲ್ಲಿ ಲುಧಿಯಾನದಲ್ಲಿ ಹುಟ್ಟಿದ ಈ ಸಂಘಟನೆಯ ಮುಖ್ಯ ಬೇಡಿಕೆಗಳಲ್ಲಿ ಉದ್ಯೋಗವೂ ಒಂದು. ನಮ್ಮ ಜಿಲ್ಲೆಗೆ ಬೇಕಿರುವುದೂ ಅದೇ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಕೊಳವೆಬಾವಿ ಬತ್ತಿದರೆ ಬೇಸಾಯವೂ ನಿಂತಿತು. ಐಟಿಐ, ಪದವಿ ಮುಗಿಸಿದವರು ಗುತ್ತಿಗೆ ಕೆಲಸ ಹುಡುಕಿಕೊಂಡು ಬೆಂಗಳೂರಿನ ಬಸ್ ಹತ್ತುತ್ತಾರೆ. ಸಂಬಳದಲ್ಲಿ ಕಡಿತವಾದ ಪಿಎಫ್ ಹಣ ಖಾತೆಗೆ ಸೇರಿದೆಯೇ ಎಂದು ನೋಡುವುದು ಹೇಗೆ, ಕಾರ್ಖಾನೆಯಲ್ಲಿ ಹೆಚ್ಚುವರಿ ಅವಧಿಯ ದುಡಿಮೆಗೆ ಎರಡು ಪಟ್ಟು ಕೂಲಿ ಕಾನೂನಿನಲ್ಲೇ ಇದೆಯಲ್ಲವೇ ಎಂದು ಅವರಿಗೆ ಹೇಳಿಕೊಡುವವರು ಯಾರು?

ಕೇರಳದಲ್ಲಿ ಇದೇ ಸಂಘಟನೆಯವರು ‘ಹೃದಯಪೂರ್ವಂ’ ಹೆಸರಿನಲ್ಲಿ ಮನೆಮನೆಗಳಿಂದ ಊಟದ ಪೊಟ್ಟಣ ಸಂಗ್ರಹಿಸಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ರೋಗಿಗಳಿಗೂ ಜೊತೆಗಿರುವವರಿಗೂ ಹಂಚುತ್ತಾರೆ. ಜನ ನಂಬುವುದು ಇಂಥ ಕೆಲಸವನ್ನು. ಇಲ್ಲಿ ಊಟವೇ ಆಗಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯದ ಬಳಿ ವಾರಕ್ಕೊಂದು ಸಂಜೆ ಕುಳಿತು ನೇಮಕಾತಿ ಅರ್ಜಿ ತುಂಬಿಸಲಿ, ಪಿಎಫ್ ದೂರು ಬರೆದುಕೊಡಲಿ. ತೆಲುಗು ಮನೆಮಾತಿನವರು ಬಹಳವಿರುವ ಗಡಿ ಹಳ್ಳಿಗಳಿಂದಲೇ ಇದನ್ನು ಆರಂಭಿಸಬೇಕೆಂದು ಸಂಘಟನೆಯ ಜಿಲ್ಲಾ ಮುಖಂಡರಲ್ಲಿ ನನ್ನ ಕೋರಿಕೆ.

– ಒಬ್ಬ ಓದುಗ, ಬಾಗೇಪಲ್ಲಿ