ಊರಿನಿಂದ ಹೋದ ಅಧ್ಯಯನ ಊರಿಗೆ ಮರಳಲಿ

ಮಾನ್ಯ ಸಂಪಾದಕರೇ,

ಸಮಾಜಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರಗಳಲ್ಲಿ ಪಿಎಚ್.ಡಿ. ಮಾಡುವವರಿಗೆ ಸರ್ಕಾರ ಶಿಷ್ಯವೇತನ ಕೊಡುವುದು ದಂಡ ಎಂಬ ಅರ್ಥದ ಪತ್ರವೊಂದು ಇತ್ತೀಚೆಗೆ ಈ ಅಂಕಣದಲ್ಲಿ ಪ್ರಕಟವಾಗಿತ್ತು. ಮಂಡ್ಯ ಜಿಲ್ಲೆಯ ಕಾಲೇಜುಗಳಲ್ಲಿ ಬಹುಕಾಲ ಸಮಾಜಶಾಸ್ತ್ರ ಪಾಠ ಮಾಡಿ, ಈಗ ಮದ್ದೂರು ತಾಲ್ಲೂಕಿನ ನನ್ನ ಊರಿನಲ್ಲಿ ಎರಡು ಎಕರೆ ಗದ್ದೆ ನೋಡಿಕೊಂಡಿರುವ ನನಗೆ ಆ ಪತ್ರ ಬರೆದವರ ಸಿಟ್ಟು ಅರ್ಥವಾಗುತ್ತದೆ. ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. ಅಧ್ಯಯನ ನಡೆದ ಊರಿಗೆ ಅದರ ಫಲ ಮರಳಿ ಬರದೇ ಇರುವುದರಿಂದಲೇ ಜನರ ಕಣ್ಣಿಗೆ ಅದು ದಂಡವಾಗಿ ಕಾಣುತ್ತಿದೆ ಎಂಬುದು ನನ್ನ ಅನಿಸಿಕೆ.

ಹಳ್ಳಿಯಲ್ಲಿ ಅಧಿಕಾರ ಯಾರ ಕೈಯಲ್ಲಿರುತ್ತದೆ, ಅದು ಹೇಗೆ ಕೈ ಬದಲಾಗುತ್ತದೆ ಎಂಬ ವಿಷಯದಲ್ಲಿ ಭಾರತದ ಸಮಾಜಶಾಸ್ತ್ರ ಕಲಿತ ಪಾಠಗಳಲ್ಲಿ ಬಹಳಷ್ಟು ನಮ್ಮ ಸೀಮೆಯಲ್ಲೇ ಕಲಿತದ್ದು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರಿಗೆ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸವಿದ್ದು, ಅದಕ್ಕೆ ರಾಂಪುರ ಎಂಬ ಮರುಹೆಸರಿಟ್ಟು ಬರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ ವರ್ಷಗಳಿಂದ ಒಪ್ಪವಾಗಿ ಜೋಡಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನ ಬಲದಿಂದ ಬರೆದ ಪುಸ್ತಕ 1976ರಲ್ಲಿ ಹೊರಬಂತು. ತಲೆಯೆಣಿಕೆಯೂ ಜಮೀನೂ ಉಳ್ಳ ಜಾತಿಯೊಂದು ಊರಿನ ನ್ಯಾಯ, ಮತ, ಮರ್ಯಾದೆಗಳನ್ನೆಲ್ಲ ಹೇಗೆ ಹಿಡಿತದಲ್ಲಿಟ್ಟುಕೊಳ್ಳುತ್ತದೆ ಎಂಬುದನ್ನು ವಿವರಿಸಲು ಅವರು ಬಳಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಇವತ್ತು ದೇಶದ ವಿಶ್ವವಿದ್ಯಾಲಯಗಳ ಸಮಾಜಶಾಸ್ತ್ರ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ‘ವೋಟ್ ಬ್ಯಾಂಕ್’ ಎಂಬ ಮಾತು ಕೂಡ ಅವರು 1955ರಲ್ಲಿ ಇದೇ ಹಳ್ಳಿಯನ್ನು ಕುರಿತು ಬರೆದ ಲೇಖನದಿಂದಲೇ ಬಳಕೆಗೆ ಬಂತು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಮ್ಮೂರಿನ ಹುಡುಗರು ದಿನಕ್ಕೆ ಹತ್ತು ಸಲ ಆ ಮಾತನ್ನು ಆಡುತ್ತಾರೆ. ಅದು ಮೂರು ಹೊಳೆ ಆಚೆಗಿನ ಪದವಲ್ಲ, ಪಕ್ಕದ ಸೀಮೆಯ ಜನರನ್ನು ನೋಡಿ ಹುಟ್ಟಿದ್ದು ಎಂದರೆ ನಂಬುವುದಿಲ್ಲ. ಪದ ಮರಳಿ ಊರಿಗೆ ಬಂತು, ಅದರ ಹಿಂದಿದ್ದ ವಿಚಾರ ಬರಲಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಇನ್ನೂ ಹತ್ತಿರದ ಉದಾಹರಣೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರದು. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಟಕ್ಕೆ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ ಈ ಮಾನವಶಾಸ್ತ್ರಜ್ಞೆ 1954ರಲ್ಲಿ ಮಂಡ್ಯಕ್ಕೆ ಬಂದು, ಪಟ್ಟಣದ ಆಸುಪಾಸಿನ ಎರಡು ಹಳ್ಳಿಗಳನ್ನು ಆರಿಸಿಕೊಂಡರು. ಒಂದಕ್ಕೆ ‘ವಂಗಲ’ ಎಂದೂ ಇನ್ನೊಂದಕ್ಕೆ ‘ದಲೇನ’ ಎಂದೂ ಹೆಸರಿಟ್ಟರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ನೆಲ ಎತ್ತರದಲ್ಲಿದ್ದುದರಿಂದ ದಲೇನ ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಊರೇ ಬದಲಾಗಬೇಕು ಎಂದು ಯಾರಾದರೂ ಎಣಿಸುತ್ತಾರೆ. ಅವರು ಕಂಡದ್ದು ಬೇರೆ. ವಂಗಲದವರು ಕಬ್ಬು ಹಾಕಿ ಹಣ ನೋಡಿದರೂ ಮಾಡುತ್ತಿದ್ದ ಕೆಲಸ ಬೇಸಾಯವೇ ಆದ್ದರಿಂದ ಗದ್ದೆಯ ಯಜಮಾನನಿಗೂ ತಲೆತಲಾಂತರದಿಂದ ಆ ಮನೆಗೆ ದುಡಿಯುತ್ತಿದ್ದ ದಲಿತ ಕುಟುಂಬಕ್ಕೂ ಇದ್ದ ಹಳೆಯ ಕಟ್ಟುಪಾಡು ಹೆಚ್ಚು ಕಡಿಮೆ ಹಾಗೇ ಉಳಿಯಿತು. ನೀರು ಸಿಗದ ದಲೇನದವರು ಮಂಡ್ಯದ ಕಡೆ ಮುಖಮಾಡಿದರು. ಸುತ್ತಲಿನ ನೀರಾವರಿಯಿಂದ ಹುಟ್ಟಿದ ಕೆಲಸ, ವ್ಯಾಪಾರ, ಗುತ್ತಿಗೆಗಳಿಗೆ ಕೈಹಾಕಿದರು. ಅಲ್ಲಿ ಹಳೆಯ ಸಂಬಂಧಗಳು ಬೇಗ ಸಡಿಲಗೊಂಡವು. ಇದನ್ನು ಅವರು 1962ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು, 1970ರಲ್ಲಿ ಮತ್ತೆ ಬಂದು ನೋಡಿ 1973ರಲ್ಲಿ ಇನ್ನೊಂದು ಬರೆದರು, 1998ರಲ್ಲಿ ಇಬ್ಬರು ಕನ್ನಡಿಗರ ಜೊತೆ ಸೇರಿ ಮತ್ತೊಂದನ್ನು ಹೊರತಂದರು. ಕನ್ನಂಬಾಡಿ ಕಟ್ಟೆ ನಮ್ಮ ಹೊಲವನ್ನು ಗದ್ದೆ ಮಾಡಿದ ಕಥೆ ನಮಗೆ ಹಾಡಾಗಿ, ಲಾವಣಿಯಾಗಿ ಗೊತ್ತು. ಅದೇ ನೀರು ಕೆಲವರ ಹಳೆಯ ಯಜಮಾನಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿತು ಎಂಬ ಕಥೆಯನ್ನು ನಾನು ಓದಿದ್ದು ಎಂ.ಎ. ತರಗತಿಯಲ್ಲಿ, ಇಂಗ್ಲಿಷಿನಲ್ಲಿ.

ಇಂಥ ಅಧ್ಯಯನದಿಂದ ಏನು ಪ್ರಯೋಜನ ಎನ್ನುವವರು ಮೈಸೂರು ಸಂಸ್ಥಾನದ ಮಿಲ್ಲರ್ ಸಮಿತಿಯನ್ನೂ ಹಾವನೂರು ಆಯೋಗವನ್ನೂ ನೆನೆಯಬೇಕು. 1918ರಲ್ಲಿ ನೇಮಕಗೊಂಡ ಮೊದಲನೆಯದು ಸರ್ಕಾರಿ ನೌಕರಿಗಳಲ್ಲಿ ಯಾರು ಎಷ್ಟಿದ್ದಾರೆ ಎಂದು ಲೆಕ್ಕ ಹಾಕಿತು. 1975ರಲ್ಲಿ ವರದಿ ಕೊಟ್ಟ ಎರಡನೆಯದು ರಾಜ್ಯದ ಹಿಂದುಳಿದ ವರ್ಗಗಳನ್ನು ಸಮೀಕ್ಷೆ ಮಾಡಿ ಗುರುತಿಸಿತು. ನಮ್ಮಂಥವರ ಮನೆಯ ಮೊದಲ ತಲೆಮಾರು ಕಾಲೇಜಿನ ಮೆಟ್ಟಿಲು ಹತ್ತಿದ್ದರ ಹಿಂದೆ ಆ ಎಣಿಕೆಗಳೂ ಅವುಗಳಿಂದ ಬಂದ ಮೀಸಲಾತಿಯೂ ಇವೆ. ಎಣಿಸಿದ್ದು ಇಷ್ಟು ದೂರ ಬದುಕನ್ನು ಮುಟ್ಟುತ್ತದೆ ಎಂದಾದರೆ, ಎಣಿಸಿಕೊಂಡವರಿಗೆ ಅದನ್ನು ಓದುವ, ತಪ್ಪಿದ್ದರೆ ತಪ್ಪು ಎನ್ನುವ ಅವಕಾಶ ಇರಲೇಬೇಕು.

ಈಗ ಆಗುತ್ತಿರುವುದೇನು ಎಂಬುದಕ್ಕೆ ನಮ್ಮೂರಿನದೇ ಒಂದು ಸಂಗತಿ ಹೇಳುತ್ತೇನೆ. ನಮ್ಮದು ಕನ್ನಂಬಾಡಿ ಕಟ್ಟೆಯಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ಊರು. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಬಿಟ್ಟಾಗ ನಮ್ಮ ತೂಬಿಗೆ ಅದು ತಲುಪುವುದು ಎಲ್ಲರದೂ ಮುಗಿದ ಮೇಲೆ, ಬಹುಮಟ್ಟಿಗೆ ರಾತ್ರಿಯಲ್ಲಿ. ಕೆಲವು ವರ್ಷಗಳ ಹಿಂದೆ ವಿಶ್ವವಿದ್ಯಾಲಯವೊಂದರ ಸಂಶೋಧನಾ ವಿದ್ಯಾರ್ಥಿನಿ ಪ್ರಶ್ನಾವಳಿ ಹಿಡಿದು ಬಂದಿದ್ದರು. ‘ಗ್ರಾಮದಲ್ಲಿ ನೀರಿನ ಹಂಚಿಕೆಯನ್ನು ನಿರ್ಧರಿಸುವವರು ಯಾರು?’ ಎಂಬ ಪ್ರಶ್ನೆಯ ಕೆಳಗೆ ಇಲಾಖೆ, ಗ್ರಾಮ ಪಂಚಾಯಿತಿ, ನೀರು ಬಳಕೆದಾರರ ಸಂಘ, ಇತರೆ ಎಂದು ನಾಲ್ಕು ಚೌಕಗಳಿದ್ದವು. ನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದ ನೆರೆಮನೆಯ ಅಜ್ಜಿ ತಲೆ ಎತ್ತದೆಯೇ, ‘ಇಲಾಖೇರು ನೀರು ಬುಡ್ತರೆ ಕಣವ್ವ. ಅದು ಯಾರ ಗದ್ದೆಗೆ ಓಯ್ತದೆ ಅನ್ನದು ರಾತ್ರಿ ತೂಬಿನ ತಾವು ಯಾರು ಮನಗವ್ರೆ ಅನ್ನದ್ರ ಮೇಲದೆ’ ಎಂದರು. ಆ ಹುಡುಗಿ ಒಂದು ಗಳಿಗೆ ಪೆನ್ನು ಹಿಡಿದು ಯೋಚಿಸಿ ‘ಇತರೆ’ ಎಂಬ ಚೌಕಕ್ಕೆ ಗುರುತು ಹಾಕಿದರು. ಅವರದೇನೂ ತಪ್ಪಿಲ್ಲ, ಸಂಜೆಯ ಬಸ್ಸಿನೊಳಗೆ ಇನ್ನೂ ಹನ್ನೆರಡು ಮನೆ ಮುಗಿಸಬೇಕಿತ್ತು.

ಅಜ್ಜಿಯ ಆ ಒಂದು ಮಾತಿನಲ್ಲಿ ಒಂದು ಮಹಾಪ್ರಬಂಧಕ್ಕೆ ಸಾಕಾಗುವಷ್ಟು ಸಾಮಗ್ರಿ ಇತ್ತು. ರಾತ್ರಿ ತೂಬಿನ ಬಳಿ ಮಲಗಲು ಗಂಡಾಳು ಇಲ್ಲದ ಮನೆಗೆ ನೀರೆಲ್ಲಿಂದ ಬಂತು, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಮಾತು ಈಗ ಯಾಕೆ ನಡೆಯುವುದಿಲ್ಲ, ಕೂಲಿಗೆ ಆಳಿಟ್ಟು ತೂಬು ಕಾಯಿಸುವವರು ಯಾರು? ಕಾಲುವೆಯ ಕೊನೆಯ ಹಳ್ಳಿಗಳು ಮೇಲ್ಭಾಗದವರಿಗಿಂತ ಹೆಚ್ಚು ಒಗ್ಗಟ್ಟಾಗಿ ತಮ್ಮದೇ ನೀರುಗಂಟಿಗಳನ್ನು ನೇಮಿಸಿಕೊಳ್ಳುತ್ತವೆ ಎಂದು ರಾಬರ್ಟ್ ವೇಡ್ ಅವರು ಆಂಧ್ರದ ಹಳ್ಳಿಗಳನ್ನು ನೋಡಿ 1988ರಲ್ಲಿ ಬರೆದಿದ್ದಾರೆ. ಜನರು ಸಾಮೂಹಿಕ ಸೊತ್ತನ್ನು ತಾವೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಎಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮೂರು ಕೊನೆಯಲ್ಲಿದ್ದೂ ಹಾಗೆ ಒಗ್ಗೂಡಲಿಲ್ಲ. ಯಾಕೆ ಎಂದು ಕೇಳಲು ಅದೊಂದು ಒಳ್ಳೆಯ ಸಂದರ್ಭವಾಗಿತ್ತು.

ಆ ಪ್ರಬಂಧಕ್ಕೆ ಪದವಿ ಬಂದ ಸುದ್ದಿ ತಿಳಿದು ಪಿಎಚ್.ಡಿ. ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ನಾನೇ ಹುಡುಕಿ ಓದಿದೆ. ನಮ್ಮೂರು ಒಂದು ಕೋಷ್ಟಕದ ಒಂದು ಸಾಲಾಗಿತ್ತು. ಅಜ್ಜಿ ‘ಇತರೆ’ ಕಾಲಂನ ಶೇಕಡಾವಾರಿನಲ್ಲಿ ಸೇರಿಹೋಗಿದ್ದರು. ಎಲ್ಲವೂ ಇಂಗ್ಲಿಷಿನಲ್ಲಿದ್ದುದರಿಂದ ಊರಿನಲ್ಲಿ ಬೇರೆ ಯಾರಿಗೂ ಅದು ಸಿಕ್ಕಿಯೂ ಸಿಗದಂತಿತ್ತು.

ಆದ್ದರಿಂದ ನಮ್ಮ ಭಾಗದ ವಿಶ್ವವಿದ್ಯಾಲಯಗಳ ವಿದ್ಯಾವಿಷಯಕ ಪರಿಷತ್ತುಗಳಲ್ಲಿ ನನ್ನದೊಂದು ಕೋರಿಕೆ. ಹಳ್ಳಿ, ಸಂಘ, ಡೇರಿ, ಶಾಲೆ, ದೇವಸ್ಥಾನ, ಯಾವುದರ ಮೇಲೆ ಅಧ್ಯಯನ ನಡೆದರೂ ಪ್ರಬಂಧದ ಜೊತೆಗೆ ಇಪ್ಪತ್ತು ಪುಟ ಮೀರದ ಕನ್ನಡ ಸಾರಾಂಶವನ್ನು ಆ ಊರಿನ ಅರಿವು ಕೇಂದ್ರಕ್ಕೆ (ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ) ಒಪ್ಪಿಸಬೇಕು. ಪದವಿ ಪ್ರದಾನಕ್ಕೆ ಮುಂಚೆ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರು ಒಂದು ಸಂಜೆ ಅಲ್ಲಿಗೆ ಬಂದು ಅದನ್ನು ಓದಿ ಹೇಳಬೇಕು, ಊರಿನವರ ತಕರಾರುಗಳನ್ನು ಪ್ರಬಂಧದ ಕೊನೆಯಲ್ಲಿ ಅನುಬಂಧವಾಗಿ ಸೇರಿಸಬೇಕು. ವಿದ್ಯಾರ್ಥಿಗಳಿಗೆ ಇದು ಹೊರೆ ಎನ್ನುವ ಆಕ್ಷೇಪ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಕನ್ನಡದಲ್ಲಿ ಇಪ್ಪತ್ತು ಪುಟ ಬರೆಯಲಾಗದವರು ನಮ್ಮೂರನ್ನು ಅರಿತಿದ್ದಾರೆಂದು ನಂಬುವುದು ಕಷ್ಟ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಅಧಿಕಾರದ ಬಗ್ಗೆ ಬರೆದದ್ದನ್ನು ಅಧಿಕಾರ ಇರುವವರ ಎದುರಿಗೇ ಓದಿದರೆ, ಮಾಹಿತಿ ಕೊಟ್ಟ ಬಡವರ ಗತಿಯೇನು? ಮರುಹೆಸರು ಇಟ್ಟರೂ ಯಾರ ಮಾತು ಯಾರದೆಂದು ಹಳ್ಳಿಯಲ್ಲಿ ಒಂದೇ ಗಳಿಗೆಯಲ್ಲಿ ಗೊತ್ತಾಗುತ್ತದೆ. ತೂಬಿನ ಬಳಿ ಮಲಗುವವರ ಹೆಸರನ್ನು ಅಜ್ಜಿ ಹೇಳಲಿಲ್ಲ, ಹೇಳುವ ಧೈರ್ಯ ನನಗೂ ಇಲ್ಲ, ಈ ಪತ್ರದಲ್ಲೂ ಬರೆದಿಲ್ಲ. ಹಾಗಾಗಿ ಸಾರಾಂಶದಲ್ಲಿ ಯಾವುದು ಇರಬೇಕು, ಯಾವುದು ಇರಬಾರದು ಎಂಬುದನ್ನು ಮಾಹಿತಿ ಕೊಟ್ಟವರನ್ನೇ ಅವರವರ ಮನೆಯಲ್ಲಿ, ಅವರವರ ಕೇರಿಯಲ್ಲಿ ಮೊದಲು ಕೇಳಿ ತೀರ್ಮಾನಿಸಬೇಕಾಗುತ್ತದೆ. ಅದಕ್ಕೆ ಸಂಜೆಯ ಬಸ್ಸು ಬಿಟ್ಟು ಊರಿನಲ್ಲಿ ಉಳಿಯಬೇಕು. ನಾಲ್ಕು ದಿನ ಇರುವುದಾದರೆ ನಮ್ಮ ಮನೆಯ ಅಟ್ಟ ಖಾಲಿ ಇದೆ.

– ನಿವೃತ್ತ ಸಮಾಜಶಾಸ್ತ್ರ ಉಪನ್ಯಾಸಕ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ