ಅವ್ವನಿಗೂ ಓದಿ ಹೇಳು

ಹ್ಯಾಮಿಲ್ಟನ್, ಕೆನಡಾ

ಪ್ರೀತಿಯ ಅಕ್ಕನಿಗೆ,

ನಾನು ಚೆನ್ನಾಗಿದ್ದೇನೆ. ಚಳಿ ಬಿಟ್ಟರೆ ಬೇರೆ ತೊಂದರೆ ಇಲ್ಲ.

ಮದುವೆ ಮನೆಯಲ್ಲಿ ಯಾರೋ "ಅಷ್ಟು ದುಡ್ಡು ಸುರಿದು ಮೈ ತಿಕ್ಕೋದು ಕಲಿಯಾಕ ಹೋಗ್ಯಾಳ" ಅಂದರಂತೆ, ಅವ್ವ ಅವತ್ತು ಸರಿಯಾಗಿ ಊಟಾನೇ ಮಾಡಲಿಲ್ಲವಂತೆ. ಫೋನಿನಲ್ಲಿ ಅವ್ವ ಇದನ್ನೆಲ್ಲ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನೀನು ಓದಿ ಹೇಳು.

ನಾನು ಕಲಿಯುತ್ತಿರುವುದು ಮಸಾಜ್ ಥೆರಪಿ. ನಾನಿರುವ ಒಂಟಾರಿಯೊ ಪ್ರಾಂತ್ಯದಲ್ಲಿ ಇದು ನರ್ಸ್, ಫಿಸಿಯೋಥೆರಪಿ ಕೆಲಸದ ಹಾಗೆ ಕಾನೂನಿನಡಿ ಬರುತ್ತದೆ. ಓದಬೇಕು, ಪರೀಕ್ಷೆ ಪಾಸಾಗಬೇಕು, ಹೆಸರು ನೋಂದಾಯಿಸಬೇಕು. ಈಗ ನಾನು ಕಾಲೇಜಿನ ಕ್ಲಿನಿಕ್‌ನಲ್ಲಿ ನಮಗೆ ಕಲಿಸುವ ಮೇಡಂ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತೇನೆ. ಕಲಿಯುವವರು ಅಂತ ಫೀಸು ಕಡಿಮೆ, ಹಾಗಾಗಿ ಎಲ್ಲ ಥರದ ಜನ ಬರುತ್ತಾರೆ. ಕೈಕೆಲಸ ನನಗೆ ಬೇಗ ಬಂತು. ಬಂದವರ ಹತ್ತಿರ ಮಾತಾಡುವುದೇ ನಿಜವಾದ ಕಷ್ಟ.

ಇದೂ ನಮ್ಮ ತೋರಣಗಲ್ಲಿನ ಹಾಗೆ ಉಕ್ಕಿನ ಊರು. ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದ ಅಜ್ಜಂದಿರು ಬರುತ್ತಾರೆ. ಅವರದು ಒಂದೇ ಮಾತು: "ಇನ್ನೂ ಗಟ್ಟಿ ಒತ್ತು." ನೋವಾದರೇನೇ ಗುಣ ಅನ್ನುವ ನಂಬಿಕೆ ನಮ್ಮ ಗರಡಿ ಮನೆಯಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ, ಇಲ್ಲೂ ಇದೆ! ಆದರೆ ಬಾಯಿ "ಗಟ್ಟಿ" ಅಂದರೂ ಮೈ ಬೇರೆ ಹೇಳುತ್ತಿರುತ್ತದೆ. ಉಸಿರು ಬಿಗಿ ಹಿಡಿದಿರುತ್ತಾರೆ, ಕಾಲ್ಬೆರಳು ಮುದುಡಿರುತ್ತವೆ. ಜಾಸ್ತಿ ಒತ್ತಿದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ಬಿಗಿಯುತ್ತದೆ, ಮರುದಿನ ಮೈಯೆಲ್ಲ ನೋವು. ಅದಕ್ಕೆ ಮೊದಲೇ ಹೇಳುತ್ತೇನೆ: ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಅಂತ ಹೇಳ್ತಾ ಇರಿ, ಐದಾರು ದಾಟಿದರೆ ನಾನು ಕೈ ಹಗುರ ಮಾಡುತ್ತೇನೆ. ಕೆಲವರು ಗೊಣಗುತ್ತಾರೆ. ಗೊಣಗಲಿ ಬಿಡು.

ಇದಕ್ಕಿಂತ ಕಷ್ಟ ನಮ್ಮ ಕಡೆಯ ಹೆಂಗಸರದು. ಏನು ಕೇಳಿದರೂ "ಆರಾಮಿದೆಯಮ್ಮ". ಪಾಪ, ಹುಡುಗಿಗೆ ಬೇಜಾರಾದೀತು ಅಂತ ನೋವು ನುಂಗಿಕೊಂಡು ಮಲಗಿರುತ್ತಾರೆ. ಈಗ "ಸರಿ ಇದೆಯಾ?" ಅಂತ ಕೇಳುವುದೇ ಬಿಟ್ಟಿದ್ದೇನೆ. "ಇನ್ನೂ ಹಗುರ ಮಾಡಲಾ, ಹೀಗೇ ಇರಲಾ?" ಅಂತ ಕೇಳಿದರೆ ಎರಡರಲ್ಲಿ ಒಂದನ್ನು ಹೇಳಲೇಬೇಕಾಗುತ್ತದೆ, ಅಲ್ವಾ? ಇದನ್ನು ಅವ್ವನ ಮೇಲೂ ಪ್ರಯೋಗ ಮಾಡಿ ನೋಡು.

ಒಮ್ಮೆ ದೂರದ ವಿಮಾನ ಪ್ರಯಾಣ ಮುಗಿಸಿ ಒಬ್ಬರು ಬಂದರು. ಒಂದೇ ಮೀನಖಂಡ ಊದಿ ಬಿಸಿಯಾಗಿತ್ತು. ಸ್ವಲ್ಪ ತಿಕ್ಕಿ ಕಳಿಸು ಅಂತ ಹಟ. ನಾನು ಮುಟ್ಟಲಿಲ್ಲ, ಮೇಡಂನ ಕರೆದೆ. ಅವರು ನೇರ ಆಸ್ಪತ್ರೆಗೆ ಕಳಿಸಿದರು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹೀಗೆ ಊದುತ್ತದೆ. ತಿಕ್ಕಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು, ಆಗ ಜೀವಕ್ಕೇ ಅಪಾಯ. ಹೆರಿಗೆಯಾದ ಮೇಲಿನ ವಾರಗಳಲ್ಲೂ ಹೀಗಾಗುವ ಸಾಧ್ಯತೆ ಜಾಸ್ತಿ. ಅತ್ತಿಗೆಯ ಬಾಣಂತನ ಬರುತ್ತಿದೆಯಲ್ಲ, ಎಣ್ಣೆ ಹಚ್ಚಿ ನೀರು ಹಾಕಲು ಬರುವ ಆಯಿಗೆ ಈಗಲೇ ಹೇಳಿಡು: ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬಾರದು, ಡಾಕ್ಟರಿಗೆ ತೋರಿಸಬೇಕು.

ತಡವಾಗಿ ಬಂದು ಪೂರ್ತಿ ಒಂದು ಗಂಟೆ ಬೇಕು ಅನ್ನುವವರು, ಬಿಪಿ ಮಾತ್ರೆ ಬಿಡಲಾ ಅಂತ ನನ್ನನ್ನು ಕೇಳುವವರು, ಇವರೆಲ್ಲ ದಿನಾ ಇರೋರೇ. ಕೆಲವರು ಬೆನ್ನು ಮುಟ್ಟಿದ ಕೂಡಲೇ ಅಳುತ್ತಾರೆ. ಆಗ ಕೈ ನಿಲ್ಲಿಸಿ, ಟಿಶ್ಯೂ ಕೊಟ್ಟು, ಮುಂದುವರಿಸಲಾ ಅಂತ ಕೇಳುತ್ತೇನೆ. ಬುದ್ಧಿಮಾತು ಹೇಳಲು ಹೋಗುವುದಿಲ್ಲ.

ಇನ್ನು ಯಾರಾದರೂ ಕೆಟ್ಟದಾಗಿ ನಡೆದುಕೊಂಡಾರು ಅನ್ನುವ ಅವ್ವನ ಭಯದ ವಿಷಯ. ಮೊದಲು ಬಂದವರ ಕಾಯಿಲೆ, ಮಾತ್ರೆ ಎಲ್ಲ ಬರೆಸಿಕೊಳ್ಳುತ್ತೇವೆ. ಎಲ್ಲಿ ಒತ್ತುತ್ತೇನೆ, ಯಾಕೆ ಅಂತ ಹೇಳಿ ಒಪ್ಪಿಗೆ ಕೇಳುತ್ತೇವೆ. ಎದೆ, ಒಳತೊಡೆ, ಕುಂಡಿಯ ಭಾಗ ಆದರೆ ಬರಹದಲ್ಲೇ ಒಪ್ಪಿಗೆ ಬೇಕು. ಮೈಮೇಲೆ ಬಟ್ಟೆ ಹೊದಿಸಿರುತ್ತೇವೆ, ಕೆಲಸ ಮಾಡುವ ಭಾಗ ಮಾತ್ರ ತೆರೆಯುವುದು. ಕೆಟ್ಟ ಮಾತು ಆಡುವವರು ಸಿಕ್ಕಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಒಬ್ಬ ಆಡಿದ. ಕೈ ತೆಗೆದೆ, "ಇವತ್ತಿಗೆ ಇಷ್ಟೇ" ಅಂದೆ, ಹೊರಗೆ ಬಂದು ಮೇಡಂಗೆ ಹೇಳಿದೆ. ಅವನನ್ನು ಮತ್ತೆ ಒಳಗೆ ಸೇರಿಸಲಿಲ್ಲ. ಯಾಕೆ ನಿಲ್ಲಿಸಿದೆ ಅಂತ ಯಾರೂ ನನ್ನನ್ನು ಕೇಳಲಿಲ್ಲ, ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ನಮಗೆ ಸಿಗದ ಬೆಂಬಲ ಅದು. ಇದನ್ನು ಅವ್ವನಿಗೆ ಮೆತ್ತಗೆ ಹೇಳು, ಆದರೆ ಹೇಳು.

ಅಪ್ಪ ಕಟಿಂಗ್ ಶಾಪ್‌ನಲ್ಲಿ ಕುತ್ತಿಗೆ ನೆಟಿಗೆ ತೆಗೆಸುವುದನ್ನು ಬಿಟ್ಟರಾ? 2024ರಲ್ಲಿ ಹಾಗೆ ತಿರುವಿಸಿಕೊಂಡ ನಮ್ಮ ಬಳ್ಳಾರಿಯ ಒಬ್ಬರಿಗೆ ಕುತ್ತಿಗೆಯ ರಕ್ತನಾಳ ಹರಿದು ಸ್ಟ್ರೋಕ್ ಆಯಿತು ಅಂತ ಪೇಪರಿನಲ್ಲಿ ಬಂದಿತ್ತು. ನಾನು ಹೇಳಿದರೆ ನಗುತ್ತಾರೆ, ನೀನು ಗದರು.

ನಿನ್ನ ಹೆಗಲು ನೋವಿಗೆ ಇಲ್ಲಿಂದಲೇ ಔಷಧ ಹೇಳಲಾರೆ. ಆದರೆ ಜೀನ್ಸ್ ಹೊಲಿಯುವಾಗ ಹೇಗೆ ಕೂರುತ್ತೀಯ ಅಂತ ನೋಡಬೇಕು. ಭಾನುವಾರ ಸಂಜೆ ಏಳೂವರೆಗೆ, ನನಗಾಗ ಬೆಳಿಗ್ಗೆ ಒಂಬತ್ತು, ವಿಡಿಯೊ ಕಾಲ್ ಮಾಡು. ಫೋನನ್ನು ಪಕ್ಕದಿಂದ ಹಿಡಿಯಲು ಪುಟ್ಟನಿಗೆ ಹೇಳು, ಸ್ಟೂಲು ಮತ್ತು ಪೆಡಲ್ ಎರಡೂ ಕಾಣಬೇಕು.

ನಿನ್ನ ತಂಗಿ